ಕೆಮ್ಮಣ್ಣಿನ ಗೋಡೆಯ ಮೇಲೆ ಹಿಮ

ಮೂವತ್ತು ತುಂಬದವನು ಬಾಲ್ಯದ ನೆನಪು ಬರೆಯಲು ಕೂತರೆ ನಮ್ಮ ಕಡೆ ನಗುತ್ತಾರೆ. ಮೀಸೆ ಚಿಗುರುವ ಮೊದಲೇ ಕ್ಷೌರದಂಗಡಿಯ ಕುರ್ಚಿ ಹತ್ತಿ ಕೂತ ಹಾಗೆ. ನಗಲಿ ಬಿಡಿ, ಜನ ನಕ್ಕರೇ ನನ್ನ ಹೊಟ್ಟೆ ತುಂಬುವುದು. ಮದುವೆ ಮನೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ, ಕಾಲೇಜಿನ ವಾರ್ಷಿಕೋತ್ಸವದಲ್ಲಿ ಮೈಕು ಹಿಡಿದು ಬೇರೆಯವರ ದನಿಯಲ್ಲಿ ಮಾತಾಡುವುದು ನನ್ನ ಕಸುಬು. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವ ಏಜೆಂಟನಿಂದ ಹಿಡಿದು ಊಟದ ಪಂಕ್ತಿಯಲ್ಲಿ ‘ಸಾರು, ಸಾರು’ ಎಂದು ಬಗ್ಗಿಕೊಂಡೇ ಓಡುವವರ ತನಕ ಎಲ್ಲರನ್ನೂ ಗಂಟಲಲ್ಲಿ ಇಟ್ಟುಕೊಂಡಿದ್ದೇನೆ. ಕಪ್ಪೆಯನ್ನು ಮಾಡುತ್ತೇನೆ, ಮಿಕ್ಸಿಯನ್ನು ಮಾಡುತ್ತೇನೆ, ಸಿಗ್ನಲ್ ಸಿಗದ ಫೋನಿನಲ್ಲಿ ಅರ್ಧರ್ಧ ಕೇಳುವ ನೆಂಟರನ್ನು ಮಾಡುತ್ತೇನೆ. ಇಷ್ಟೆಲ್ಲ ಮಾಡುವವನಿಗೆ ಒಬ್ಬಳನ್ನು ಮಾತ್ರ ಮಾಡಲು ಬರಲಿಲ್ಲ. ಅವಳು ನಮ್ಮ ಮನೆಯ ಗೋಡೆಯ ಮೇಲಿದ್ದಳು. ಗೇಣುದ್ದದವಳು, ನಮಗೆ ಬೆನ್ನು ಹಾಕಿ, ಹಿಮ ಬಿದ್ದ ಪೇಟೆಯ ಬೀದಿಯಲ್ಲಿ ಒಬ್ಬಳೇ ನಡೆದು ಹೋಗುತ್ತಿದ್ದಳು. ಅವಳಿಂದಾಗಿ ನಮ್ಮ ಮನೆಯಲ್ಲಿ ಒಂದು ಬೇಸಿಗೆ ಪೂರ್ತಿ ಜಗಳವಾಯಿತು. ಇವತ್ತು ನನ್ನಲ್ಲಿ ಎಷ್ಟು ಮೊಂಡುತನ ಇದೆಯೋ ಅಷ್ಟೂ ಆ ಬೇಸಿಗೆಯಲ್ಲಿ ಮೈಗೆ ಹತ್ತಿದ್ದು.

ಮನೆ ಅಂದರೆ ಬಾಳಗಡಿಯ ಗುಡ್ಡದ ಮಗ್ಗುಲಲ್ಲಿ ಸರ್ಕಾರ ಕೊಟ್ಟ ಆಶ್ರಯ ಮನೆ. ಅದಕ್ಕೂ ಮೊದಲು ನಾವು ಹಿರೇಕೊಡಿಗೆ ಕಡೆಯ ಕಾಫಿ ತೋಟವೊಂದರ ಕೂಲಿ ಲೈನಿನ ಸಾಲುಮನೆಯಲ್ಲಿದ್ದೆವು. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ನನಗೆ ಬುದ್ಧಿ ಬಂದಿತ್ತು ಎನ್ನುವುದು ನನ್ನ ಅಭಿಪ್ರಾಯ. ಇನ್ನೂ ಬಂದಿಲ್ಲ ಎನ್ನುವುದು ಅಮ್ಮನದು. ಒಂದು ಹಾಲ್, ಒಂದು ಒಳಕೋಣೆ, ಒಂದು ಅಡಿಗೆಮನೆ. ಅಪ್ಪ ತೋಟಗಳಲ್ಲಿ ಮರಗಸಿ ಮಾಡುತ್ತಿದ್ದ, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸ. ಇಡೀ ದಿನ ಮರದ ತುದಿಯಲ್ಲಿ ನಿಂತು ಕೆಳಗಿನವರಿಗೆ ಕೂಗಿ ಕೂಗಿ ಅಭ್ಯಾಸವಾಗಿ, ಅವನು ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ಉಪ್ಪು ತರುತ್ತಿದ್ದರು. ಅಮ್ಮನೂ ತೋಟದ ಕೆಲಸಕ್ಕೇ ಹೋಗುತ್ತಿದ್ದಳು. ಅಪ್ಪನ ತಂಗಿ ಜಲಜತ್ತೆ ಪಿಯುಸಿ ಮುಗಿಸಿ ಬಾಳಗಡಿಯ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಕ್ರಿಕೆಟ್ ಟೂರ್ನಮೆಂಟು, ಎಲ್ಲವೂ ಅವಳ ಕೈಯಿಂದಲೇ ಊರಿನ ಕಂಬಗಳಿಗೆ ಏರುತ್ತಿದ್ದವು. ಮನೆಯ ಯಜಮಾನಿಕೆ ಅಪ್ಪನದು ಎಂದು ರೇಷನ್ ಕಾರ್ಡು ನಂಬಿತ್ತು. ನಿಜವಾದ ಯಜಮಾನಿ ಅಜ್ಜಿ. ಸುತ್ತಿನ ಊರುಗಳಲ್ಲಿ ಮದುವೆ ನಿಕ್ಕಿಯಾದರೆ ಹಸೆ ಬರೆಯಲು ಕರೆಯುತ್ತಿದ್ದುದು ಅವಳನ್ನೇ. ಗಂಡು ಹೆಣ್ಣನ್ನು ಕೂರಿಸುವ ಜಾಗದ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ನೆನೆಸಿ ಅರೆದ ಅಕ್ಕಿಹಿಟ್ಟಿನಲ್ಲಿ ನಾರಿನ ಕುಂಚ ಅದ್ದಿ ಪಲ್ಲಕ್ಕಿ, ಬಾಳೆ, ಜೋಡಿ ನವಿಲು ಎಲ್ಲ ಬರೆದು ಬರುತ್ತಿದ್ದಳು. ಬಂದವಳು ನಮ್ಮನ್ನು ಪ್ರಜೆಗಳ ಹಾಗೆ ನೋಡುತ್ತಿದ್ದಳು.

ಆಶ್ರಯ ಮನೆಗೆ ಬಂದ ಹೊಸತರಲ್ಲೇ ಮೊದಲ ಯುದ್ಧವಾಗಿದ್ದು ಬಾಗಿಲಿಗೆ ಎದುರಾದ ಗೋಡೆಗಾಗಿ. ಅಪ್ಪ ಅಲ್ಲಿ ಟಿವಿ ಇಡುವ ಕನಸು ಕಂಡಿದ್ದ. ಅಜ್ಜಿ ಒಂದು ಬೆಳಿಗ್ಗೆ ಅವನು ಮರದ ಮೇಲಿದ್ದಾಗ ಬುಟ್ಟಿಯಲ್ಲಿ ಕೆಮ್ಮಣ್ಣು ಹೊತ್ತು ತಂದು, ಸೆಗಣಿ ಕಲಸಿ, ಸರ್ಕಾರದ ಸಿಮೆಂಟಿನ ಮೇಲೆ ಬಳಿದೇಬಿಟ್ಟಳು.

“ಮನೇಲಿ ಮದುವೆಗೊಂದು ಹೆಣ್ಣಿದೆ. ಸಿಮೆಂಟಿಗೆ ಅಕ್ಕಿಹಿಟ್ಟು ಹಿಡಿಯುತ್ತೇನಾ? ಹಸೆಗೋಡೆ ಇಲ್ಲದ ಮನೆ ಎಂತ ಮನೆ? ಬಸ್ ಸ್ಟ್ಯಾಂಡು ಅನ್ನು.”

ಟಿವಿ ಅಡಿಗೆಮನೆಯ ಬಾಗಿಲ ಪಕ್ಕದ ಮೂಲೆಗೆ ಹೋಯಿತು. ಅದನ್ನು ನೋಡಬೇಕಾದರೆ ಎಲ್ಲರೂ ಕತ್ತು ಎಡಕ್ಕೆ ತಿರುಗಿಸಿ ಕೂರಬೇಕು. ನಮ್ಮ ಮನೆಯವರ ಫೋಟೋ ತೆಗೆದರೆ ಇವತ್ತಿಗೂ ಎಲ್ಲರೂ ಎಡಕ್ಕೆ ವಾಲಿಕೊಂಡೇ ಬೀಳುತ್ತೇವೆ. ಆ ಕೆಂಪು ಗೋಡೆಗೆ ಅಜ್ಜಿಯದೇ ಕಾನೂನು. ಬರೆಯುವ ಮೊದಲು ದೀಪ ಹಚ್ಚಬೇಕು. ಬರೆದ ಮೇಲೆ ಅದಕ್ಕೆ ನೀರು ತಾಗಬಾರದು, ಉಗುರು ತಾಗಬಾರದು. ಅದು ತಾನಾಗಿ ಉದುರಬೇಕು. ಸೊಳ್ಳೆ ಹೊಡೆಯುವ ನೆಪದಲ್ಲಿ ಆ ಗೋಡೆ ಮುಟ್ಟಿದರೂ ಬೆನ್ನಿಗೆ ಬೀಳುತ್ತಿತ್ತು. ಅದನ್ನು ನಾನು ಪರೀಕ್ಷೆ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಆ ಬೇಸಿಗೆ ಅಜ್ಜಿ ಮೆಣಸೆಯಲ್ಲೊಂದು ಮದುವೆಗೆ ಹಸೆ ಬರೆಯಲು ಹೋದಳು. ಶೃಂಗೇರಿ ಕಡೆಯವರು ಅವಳನ್ನು ಮದುವೆ ಮುಗಿಯುವ ತನಕ ಬಿಡುತ್ತಿರಲಿಲ್ಲ. ಅವಳು ಎಲೆಅಡಿಕೆ, ಹೊಸ ಸೀರೆ, ಹೋಳಿಗೆಯ ಗಂಟು ಹಿಡಿದು ಮನೆಯ ಮೆಟ್ಟಿಲು ಹತ್ತಿದಾಗ, ಅವಳ ಕೆಂಪು ಗೋಡೆಯ ಮೇಲೆ ಊರೊಂದು ನಿಂತಿತ್ತು. ಎತ್ತರದ ಕಟ್ಟಡಗಳು, ದೀಪದ ಕಂಬಗಳು, ನಡುವೆ ಬೀದಿ. ಬೀದಿಯ ಮೇಲೆ, ಕಟ್ಟಡಗಳ ತಲೆಯ ಮೇಲೆ, ಕಂಬಗಳ ಹೆಗಲ ಮೇಲೆ ದಪ್ಪಕ್ಕೆ ಬಿಳಿ. ಅಜ್ಜಿ ಗಂಟನ್ನು ಕೆಳಗಿಡಲೂ ಮರೆತು ನಿಂತಳು.

“ಇದೆಂತದೇ ಜಲಜಾ?”

“ಬೀದಿ ಅವ್ವ.”

“ಯಾರ ಬೀದಿ?”

“ಯಾರದೂ ಅಲ್ಲ. ಯಾವುದೋ ದೇಶದ್ದು.”

“ಬೂದಿ ಬಿದ್ದಿದೆಯಲ್ಲೇ ಮೇಲೆಲ್ಲ. ಎಂತ ಸುಟ್ಟುಹೋಯ್ತು ಅಲ್ಲಿ?”

“ಬೂದಿ ಅಲ್ಲ, ಹಿಮ. ಮಂಜುಗಡ್ಡೆ ಉದುರೋದು.”

ಅಪ್ಪ ಸಮಯ ನೋಡಿ ತನ್ನ ಹಳೆಯ ಕನಸನ್ನು ಎಬ್ಬಿಸಿದ. “ತೊಳೆದು ಹಾಕವ್ವ ಅದನ್ನ! ಟಿವಿನಾದ್ರೂ ಇಡುವ!” ಪಕ್ಕದ ಮನೆಯವರು ಉಪ್ಪು ಬೇಕಾ ಎಂದು ಕೇಳಲಿಲ್ಲ, ಅಷ್ಟೇ. ಅತ್ತೆ ಮಾತ್ರ ಅಲ್ಲಾಡಲಿಲ್ಲ. ಅವಳು ಉತ್ತರವನ್ನು ಮೊದಲೇ ಅರೆದು ಇಟ್ಟುಕೊಂಡಿದ್ದಳು.

“ಅಂಗಡೀಲಿ ಪೇಂಟ್ ಇತ್ತು, ನಾನು ಮುಟ್ಟಿಲ್ಲ. ಅಕ್ಕಿಹಿಟ್ಟಲ್ಲೇ ಬರೆದಿದ್ದೀನಿ. ನಿನ್ನ ನಾರಿನ ಕುಂಚದಲ್ಲೇ. ಕೂರೋ ಮುಂಚೆ ದೀಪ ಹಚ್ಚಿದ್ದೆ, ಬೇಕಾದ್ರೆ ಅತ್ತಿಗೇನ ಕೇಳು. ಇದು ಹಸೆ ಅಲ್ಲ ಅಂತ ಹೆಂಗೆ ಹೇಳ್ತೀಯ?”

ಅಜ್ಜಿಯ ಕಾನೂನು ಅವಳನ್ನೇ ಕಟ್ಟಿಹಾಕಿತ್ತು. ಹುಲಿ ತಾನೇ ತೋಡಿದ ಗುಂಡಿಗೆ ಬಿದ್ದದ್ದನ್ನು ನಾನು ಹತ್ತಿರದಿಂದ ನೋಡಿದ್ದು ಅದೊಂದೇ ಸಲ. ಅತ್ತೆ ಅಲ್ಲಿಗೇ ಬಿಡಲಿಲ್ಲ.

“ಇನ್ನೊಂದು ಮಾತು. ನನ್ನ ಮದುವೆ ಆಗೋದಾದ್ರೆ ಈ ಬೀದಿ ಮುಂದೇ. ಬರೋ ಗಂಡು ಇದ್ರ ಎದುರೇ ಕೂರ್ಬೇಕು. ಇದು ಹೀಗೇ ಇರುತ್ತೆ. ಬೇಡ ಅನ್ನೋರು ಚಾ ಕುಡಿದು ಹೋಗ್ಲಿ.”

ಚಿತ್ರ ಅವಳಿಗೆ ಸಿಕ್ಕಿದ್ದು ಅಂಗಡಿಯ ಕಂಪ್ಯೂಟರಿನಲ್ಲಂತೆ. ಬ್ಯಾನರಿನ ಹಿಂದೆ ಹಾಕಲು ಜಲಪಾತ, ಸೂರ್ಯೋದಯ, ಗುಲಾಬಿ ಹೂ ಎಂದೆಲ್ಲ ಇಟ್ಟಿರುತ್ತಾರಲ್ಲ, ಅದರ ನಡುವೆ ಒಂದು ಪೇಂಟಿಂಗ್. ಯಾರು ಬರೆದದ್ದು, ಯಾವ ಊರು, ಏನೂ ಇರಲಿಲ್ಲ. ಶ್ರದ್ಧಾಂಜಲಿಗೆ ಬಂದ ಗಿರಾಕಿಗೆ ತೋರಿಸಿದರೆ ‘ಇದು ತೀರಾ ತಣ್ಣಗಿದೆ, ಸತ್ತವರಿಗೆ ಶೀತ ಆಗುತ್ತೆ’ ಎಂದು ಬಿಟ್ಟುಹೋದನಂತೆ. ಅತ್ತೆ ಊಟದ ಹೊತ್ತಿನಲ್ಲಿ ಬುತ್ತಿ ಬಿಚ್ಚಿಕೊಂಡು ಅದನ್ನೇ ನೋಡುತ್ತಿದ್ದಳು. ಮನೆಗೆ ಬಂದು ನೆನಪಿನಿಂದ ಬರೆದಾಗ ಅದು ಬೇರೆಯದೇ ಆಯಿತು. ಗೋಡೆಯ ಕೆಮ್ಮಣ್ಣೇ ಆಕಾಶವಾಗಿ ಉಳಿಯಿತು. ಕಿಟಕಿಗಳಿಗೆ ಅಜ್ಜಿಯ ಹಸೆಯ ಚೌಕುಳಿಗಳೇ ಬಂದು ಕೂತವು. ಒಂದೇ ಒಂದು ಕಿಟಕಿಗೆ ಅರಿಶಿನ ಕಲಸಿ ಬೆಳಕು ಮಾಡಿದ್ದಳು. ಅಕ್ಕಿ ಸುಟ್ಟ ಕರಿಯಲ್ಲಿ ಆ ಹೆಂಗಸು, ಉದ್ದದ ಕೋಟು, ತಲೆಗೆ ವಸ್ತ್ರ. ಅವಳ ಹಿಂದೆ ಬೀದಿಯ ಬುಡದಿಂದ ಬಂದ ಹೆಜ್ಜೆಗಳು. ಹೆಜ್ಜೆಗೆ ಅತ್ತೆ ಬಣ್ಣ ಹಾಕಿರಲಿಲ್ಲ. ಹಿಟ್ಟು ಬಳಿಯುವಾಗ ಅಷ್ಟಷ್ಟೇ ಜಾಗವನ್ನು ಖಾಲಿ ಬಿಟ್ಟಿದ್ದಳು. ಬಿಳಿಯ ನಡುವೆ ಗೋಡೆಯ ಕೆಂಪು ಇಣುಕಿ ಹೆಜ್ಜೆಯಾಗಿತ್ತು.

ಆಮೇಲೆ ನಮ್ಮ ಮನೆಯಲ್ಲಿ ಊಟ ಎನ್ನುವುದು ಆ ಬೀದಿಯ ಬಗ್ಗೆ ತಕರಾರು ಮಾಡುವ ಹೊತ್ತಾಯಿತು. ಹೊರಗೆ ತಗಡಿನ ಮಾಡು ಕಾದು ಕಟಕಟ ಎನ್ನುತ್ತಿತ್ತು. ಒಳಗೆ ನಾವು ಬೆವರು ಒರೆಸಿಕೊಳ್ಳುತ್ತ ಹಿಮದ ಎದುರು ಗಂಜಿ ಉಣ್ಣುತ್ತಿದ್ದೆವು. ಅಜ್ಜಿಗೆ ಅದು ಸೂತಕದ ಊರು. ಒಂದು ಮಾಡಿನ ಮೇಲೂ ಒಲೆಯ ಹೊಗೆ ಇಲ್ಲ, ಒಂದು ನಾಯಿ ಇಲ್ಲ, ಒಂದು ಹೊಸ್ತಿಲಿಗೂ ರಂಗೋಲಿ ಇಲ್ಲ, ಇನ್ನೇನು ಬೇಕು? ಅಪ್ಪನಿಗೆ ಕಂಡದ್ದು ದೀಪದ ಕಂಬಗಳು ಮಾತ್ರ. “ಒಂದೂ ಕೆಟ್ಟಿಲ್ಲ ನೋಡು! ಅಲ್ಲಿ ಲೈನ್‌ಮನ್ ಫೋನ್ ಎತ್ತುತ್ತಾನೆ!” ಅಮ್ಮ ಎರಡನೆಯ ಸಲ ಅನ್ನ ಬಡಿಸುತ್ತ, ಅದು ಹಿಮವೂ ಅಲ್ಲ ಬೂದಿಯೂ ಅಲ್ಲ, ಕಾಫಿ ಹೂ ಬಿಟ್ಟಿರುವುದು ಎಂದು ತೀರ್ಪು ಕೊಟ್ಟಳು. ಹೂವಾದಾಗ ಗಿಡದ ಹತ್ತಿರ ಯಾರನ್ನೂ ಬಿಡುವುದಿಲ್ಲವಲ್ಲ, ಅದಕ್ಕೇ ಬೀದಿಯಲ್ಲಿ ಜನ ಇಲ್ಲ, ಕೆಲಸಕ್ಕೆ ರಜೆ. ಆ ಹೆಂಗಸು ರಜೆಯಲ್ಲಿ ತವರಿಗೆ ಹೊರಟಿದ್ದಾಳೆ. ಅಮ್ಮನ ತವರು ನರಸಿಂಹರಾಜಪುರದ ಆಚೆ. ಅವಳು ಹೋಗದೆ ತುಂಬಾ ಕಾಲವಾಗಿತ್ತು. ಹೀಗೆ ಒಂದೇ ಗೋಡೆಯಲ್ಲಿ ಒಬ್ಬರಿಗೆ ಸಾವು, ಒಬ್ಬರಿಗೆ ಕರೆಂಟು, ಒಬ್ಬರಿಗೆ ತವರು ಕಂಡವು. ನನಗೆ ಕಂಡದ್ದು ಗಿರಾಕಿ. ಅಂದರೆ ಅಣಕಿಸಲು ಹೊಸ ಮನುಷ್ಯ.

ಅತ್ತೆ ಕೆಲಸದಿಂದ ಬಂದು ಚಾ ಕುಡಿಯುತ್ತಿದ್ದಾಗ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಅವಳ ಮುಂದೆ ಆ ಹೆಂಗಸಿನ ಹಾಗೆ ನಡೆದೆ. ಮೊದಲು ಕುಂಟಿದೆ. ಆಮೇಲೆ ಸೊಂಟ ಕುಣಿಸಿದೆ. ಆಮೇಲೆ ನಡುಗುತ್ತ ಹಲ್ಲು ಕಡಿದೆ. ಯಾವುದೂ ಸರಿಯಾಗಲಿಲ್ಲ. ಅತ್ತೆ ನಗಲೂ ಇಲ್ಲ.

“ಹಂಗಲ್ಲ ಮಾರಾಯ. ನೀನು ತಿರುಗಿ ತಿರುಗಿ ನನ್ನ ನೋಡ್ತಾ ಇದ್ದೀಯ, ನಗ್ತಾಳಾ ಇಲ್ವಾ ಅಂತ. ಅವಳು ನೋಡಲ್ಲ.”

“ಯಾಕೆ ನೋಡಲ್ಲ? ಅವಳಿಗೆ ಸಿಟ್ಟಾ?”

“ಇಲ್ಲ.”

“ದುಃಖವಾ?”

“ಬಾಳಗಡಿ ರಸ್ತೆಲಿ ನಾನು ಮನೆಯಿಂದ ಅಂಗಡಿಗೆ ಹೋಗೋವಷ್ಟರಲ್ಲಿ ಎಷ್ಟು ಜನ ಕೇಳ್ತಾರೆ ಗೊತ್ತಾ? ‘ಎಲ್ಲಿಗೆ ಹೊರಟೆ ಜಲಜಾ? ಒಬ್ಳೇನಾ? ಎಂತ ಆಯ್ತು ನಿಂದು? ಗಂಡು ಬಂದಿತ್ತಂತೆ?’ ಬಸ್ ಸ್ಟಾಪಿನ ಅಜ್ಜ, ಬೇಕರಿಯವನು, ಹಾಲಿನ ಡೈರಿ ಹೆಂಗಸು. ಹಿಮ ಬಿದ್ರೆ ಊರಿನ ಸದ್ದೆಲ್ಲ ಅದು ಹೀರ್ಕೊಳ್ಳುತ್ತಂತೆ. ಆ ಬೀದೀಲಿ ಯಾರೂ ಅವಳನ್ನ ಎಂತದೂ ಕೇಳಲ್ಲ. ಅವಳಿಗೆ ಸಿಟ್ಟೂ ಇಲ್ಲ, ದುಃಖನೂ ಇಲ್ಲ. ಕೆಲಸ ಮುಗಿಸಿ ಹೋಗ್ತಿದ್ದಾಳೆ, ಅಷ್ಟೇ.”

ನಾನು ಟವೆಲ್ ಬಿಚ್ಚಿದೆ. ಮುಖ ಇದ್ದವರನ್ನು ಅಣಕಿಸಬಹುದು, ನೋಡಿದವರನ್ನು ಅಣಕಿಸಬಹುದು. ತನ್ನ ಪಾಡಿಗೆ ಹೋಗುತ್ತಿರುವ ಒಂದು ಬೆನ್ನನ್ನು ಹೇಗೆ ಅಣಕಿಸುವುದು? ಇವತ್ತು ಸ್ಟೇಜಿನ ಮೇಲೆ ನಿಂತಾಗಲೂ ಒಮ್ಮೊಮ್ಮೆ ಜನ ನಗುವುದಿಲ್ಲ. ಆಗ ನನಗೆ ನಾನೇ ಹೇಳಿಕೊಳ್ಳುತ್ತೇನೆ: ತಿರುಗಿ ನೋಡಬೇಡ, ನಡಿ. ಎಷ್ಟೋ ಸಲ ಆದರೂ ನೋಡಿಬಿಡುತ್ತೇನೆ.

ಗಂಡು ನೋಡುವ ಕಾಲ ಬಂತು. ದಲ್ಲಾಳಿ ವಾಸಣ್ಣ ಬೈಕಿನಲ್ಲಿ ಸುತ್ತಿ ಸುತ್ತಿ ಜಾತಕ ಹಂಚುವವನು. ಅವನ ಹೆಲ್ಮೆಟ್ಟಿನೊಳಗೆ ಯಾವಾಗಲೂ ಯಾರದಾದರೂ ಮಗಳ ಫೋಟೋ ಇರುತ್ತಿತ್ತು. ಮೊದಲು ಅವನು ಕರೆತಂದದ್ದು ಶೃಂಗೇರಿ ಕಡೆಯ ಪಿಕಪ್ ವ್ಯಾನಿನ ಒಡೆಯನನ್ನು. ಆತ ಗೋಡೆಯನ್ನು ನೋಡಿ ತಲೆದೂಗಿ, “ಕಾಶ್ಮೀರವಾ? ಗಾಡಿ ಹೋಗೋಕೆ ರೋಡು ಅಗಲ ಸಾಲಲ್ಲ” ಎಂದ. ಆಮೇಲೆ ಕೇಸರಿಬಾತ್ ಮುಗಿಯುವ ತನಕ ಘಾಟಿಯ ತಿರುವುಗಳ ಬಗ್ಗೆಯೇ ಮಾತಾಡಿದ. ಅವನು ಹೋದ ಮೇಲೆ ನಾನು ಅವನ ಹಾಗೆ ಬಾಯಲ್ಲೇ ಗೇರ್ ಬದಲಿಸಿ ಹಾಲ್ ಪೂರ್ತಿ ರಿವರ್ಸ್ ತೆಗೆದೆ. ಅತ್ತೆ ಬಿದ್ದು ಬಿದ್ದು ನಕ್ಕಳು. ಅಪ್ಪ ನಗಲಿಲ್ಲ. ಊರಿನವರು ಕೇಳುತ್ತಿದ್ದ ಪ್ರಶ್ನೆಗಳೆಲ್ಲ ಕೊನೆಗೆ ಬಂದು ಬೀಳುತ್ತಿದ್ದುದು ಅವನ ತಲೆಯ ಮೇಲೆ. ನನ್ನ ಅಜ್ಜ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿ ಓದಿಸಿದವನು ಅವನು. ಮದುವೆಯೊಂದು ಮಾಡಿಬಿಟ್ಟರೆ ತನ್ನ ಕೆಲಸ ಪೂರಾ ಆಯಿತು ಎಂದು ಅವನ ಲೆಕ್ಕ. ಮರದ ಮೇಲೆ ಯಾವ ಕೊಂಬೆಗೂ ಹೆದರದವನು ಬಸ್ ಸ್ಟಾಪಿನ ಅಜ್ಜನಿಗೆ ಹೆದರುತ್ತಿದ್ದ.

ಎರಡನೆಯ ಗಂಡು ನರಸಿಂಹರಾಜಪುರದವನು, ಹೆಸರು ರವೀಂದ್ರ, ಸ್ವಂತ ಗ್ಯಾರೇಜು. ಒಳ್ಳೆಯವನು ಎಂದು ಮುಖದಲ್ಲೇ ಬರೆದಿತ್ತು. ಆದರೆ ಆ ಬರಹವನ್ನು ಓದಿ ಹೇಳುವ ಕೆಲಸವನ್ನೂ ಅವನ ತಾಯಿ ಗಿರಿಜಮ್ಮನೇ ಮಾಡುತ್ತಿದ್ದರು. ‘ನಮ್ಮ ರವಿಗೆ ಸಿಹಿ ಆಗಲ್ಲ’, ‘ನಮ್ಮ ರವಿ ಮಾತು ಕಡಿಮೆ.’ ಅವನು ಬಾಯಿ ತೆರೆಯುವ ಮೊದಲೇ ಮಾತು ಮುಗಿದಿರುತ್ತಿತ್ತು. ಅತ್ತೆ ಅವರಿಗೆ ಹಿಡಿಸಿದಳು. ಅವಳು ಕೆಲಸಕ್ಕೆ ಹೋಗುವುದೂ ಹಿಡಿಸಿತು. ಅಪ್ಪನ ಮುಖ ಅರಳಿತು. ಏಳುವ ಮೊದಲು ಗಿರಿಜಮ್ಮ ಗೋಡೆಯ ಹತ್ತಿರ ಹೋಗಿ ಕನ್ನಡಕ ಏರಿಸಿದರು.

“ಚಂದ ಇದೆ. ಮದುವೆ ಇದ್ರ ಮುಂದೆ ಆಗ್ಬೇಕಂತೆ, ವಾಸಣ್ಣ ಹೇಳಿದ. ನಮ್ದೇನೂ ಅಡ್ಡಿ ಇಲ್ಲ. ಆದ್ರೆ ಹೆಂಗಸು ಒಬ್ಳೇ ಇದ್ದಾಳಲ್ಲ, ಅಷ್ಟು ದೊಡ್ಡ ಬೀದೀಲಿ? ಶುಭಕ್ಕೆ ಒಂಟಿ ಬರೀತಾರಾ? ಪಕ್ಕ ಒಂದು ಗಂಡಸನ್ನ ಬರೆದ್ಬಿಡಿ. ಎಂತ, ಒಂದು ಹಿಡಿ ಅಕ್ಕಿ ಸುಟ್ರೆ ಆಯ್ತಲ್ಲ?”

ಅತ್ತೆ “ಆಗಲ್ಲ” ಎಂದಳು. ಅಪ್ಪ “ಆಗುತ್ತೆ!” ಎಂದ. ಅಪ್ಪನ ದನಿ ದೊಡ್ಡದಾದ್ದರಿಂದ ಅದೇ ನಿಂತಿತು. ಮಾತುಕತೆಗೆ ಬರುವ ದಿನ ಗೊತ್ತಾಯಿತು.

ನಡುವಿನ ದಿನಗಳಲ್ಲಿ ಮನೆಯಲ್ಲಿ ಅನ್ನದ ಪಾತ್ರೆ ಸದ್ದು ಮಾಡುತ್ತಿತ್ತೇ ಹೊರತು ಮನುಷ್ಯರಲ್ಲ. ಅಪ್ಪ ಅತ್ತೆಗೆ ಹೇಳುವುದನ್ನು ನನಗೆ ಹೇಳುತ್ತಿದ್ದ, ಅತ್ತೆ ಅಪ್ಪನಿಗೆ ಹೇಳುವುದನ್ನು ನನಗೆ ಹೇಳುತ್ತಿದ್ದಳು. ನಾನು ಅವರವರ ದನಿಯಲ್ಲೇ ತಲುಪಿಸಿ ಎರಡೂ ಕಡೆಯಿಂದ ಪೆಟ್ಟು ತಿನ್ನುತ್ತಿದ್ದೆ. ಒಂದು ಸಲ ಮಾತ್ರ ಅಣ್ಣತಂಗಿಯರು ನೇರವಾಗಿ ಮಾತಾಡಿದರು.

“ಒಂದು ಗೊಂಬೆ ಬರೆದ್ರೆ ನಿಂಗೆ ಎಂತ ಗಂಟು ಹೋಗುತ್ತೆ ಜಲಜಾ? ಗೋಡೆ ಮೇಲ್ತಾನೆ?”

“ಗೋಡೆ ಮೇಲೇ ಬಿಡ್ದೆ ಇರೋರು ಮನೇಲಿ ಬಿಡ್ತಾರಾ ಅಣ್ಣ?”

ಅಪ್ಪ ಅಜ್ಜಿಯ ಕಡೆ ತಿರುಗಿ ಅಕ್ಕಿ ನೆನೆಹಾಕಲು ಹೇಳಿದ. ಗಂಡಸನ್ನು ಬರೆಯಬೇಕಾದವಳು ಅಜ್ಜಿ, ಅತ್ತೆಯಂತೂ ಬರೆಯುವವಳಲ್ಲ. ಅಜ್ಜಿ ಅಕ್ಕಿ ನೆನೆಹಾಕಿದಳು, ಅರೆದಳು, ಇನ್ನೊಂದು ಹಿಡಿಯನ್ನು ಬಾಣಲೆಯಲ್ಲಿ ಕರಿಯಾಗುವ ತನಕ ಹುರಿದಳು. ಮನೆಯೆಲ್ಲ ಸುಟ್ಟ ವಾಸನೆ. ಅತ್ತೆ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡಳು. ನಾನು ಅಜ್ಜಿಯ ಮೇಲೆ ಸಿಟ್ಟಾಗಿ ಅವಳಿಗೆ ಎಲೆಅಡಿಕೆ ಕುಟ್ಟಿಕೊಡುವುದನ್ನೇ ನಿಲ್ಲಿಸಿದೆ. ನನ್ನ ಜೀವನದ ಮೊದಲ ಮುಷ್ಕರ ಅದು. ಅಜ್ಜಿ ಗಮನಿಸಲೂ ಇಲ್ಲ.

ಮಾತುಕತೆಯ ದಿನ ಕಡುಬು, ಕೋಳಿಸಾರು, ಪಾಯಸ. ಗಿರಿಜಮ್ಮನ ಕಡೆಯವರು ಜೀಪಿನಲ್ಲಿ ಬಂದರು. ಗಿರಿಜಮ್ಮ ಚಾಪೆಯ ಮೇಲೆ ಕೂತವರೇ, ಇಷ್ಟು ಹೆಸರುವಾಸಿ ಕೈ ಬರೆಯುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ಎಲೆಅಡಿಕೆ ಬದಲಿಸುವ ಎಂದರು. ಅಜ್ಜಿ ಕರಿಯ ಬಟ್ಟಲು ಹಿಡಿದು ಗೋಡೆಯ ಮುಂದೆ ನಿಂತಳು. ಅತ್ತೆ ಒಳಬಾಗಿಲಲ್ಲಿ, ಕೈಕಟ್ಟಿ. ಅಜ್ಜಿ ಕುಂಚ ಅದ್ದಿದಳು, ಎತ್ತಿದಳು, ಹಾಗೇ ನಿಲ್ಲಿಸಿದಳು. ಅವಳ ಕಣ್ಣು ಬೀದಿಯ ಬುಡದಿಂದ ಒಂದೊಂದೇ ಕೆಂಪು ಹೆಜ್ಜೆ ಹತ್ತಿ ಆ ಹೆಂಗಸಿನ ತನಕ ಹೋಗಿ ವಾಪಸು ಬಂತು.

“ಎಲ್ಲಿ ಬರೀಲಿ?”

“ಪಕ್ಕದಲ್ಲಿ,” ಎಂದರು ಗಿರಿಜಮ್ಮ.

“ಪಕ್ಕದಲ್ಲಿ ಹೆಜ್ಜೆ ಇಲ್ವಲ್ಲ.”

“ಹೆಜ್ಜೆ ಯಾಕೆ? ಆಳಿದ್ರೆ ಸಾಕು.”

“ಸಾಕಾಗಲ್ಲ. ಇವಳು ನಡೆದು ಬಂದಿದ್ದಾಳೆ, ಕಾಣುತ್ತೆ. ಹೆಜ್ಜೆನೇ ಮೂಡದೆ ಹೆಂಗಸಿನ ಪಕ್ಕ ಬಂದು ನಿಲ್ಲೋದು ಎಂತದು ಗೊತ್ತಾ ನಿಮಗೆ? ದೆವ್ವ. ದೆವ್ವದ ಮುಂದೆ ನಿಮ್ಮ ಮಗನ್ನ ಕೂರಿಸಿ ಅಕ್ಕಿಕಾಳು ಹಾಕ್ಲಾ?”

ವಾಸಣ್ಣನಿಗೆ ಚಾ ಗಂಟಲಿಗೆ ಹತ್ತಿ ಕೆಮ್ಮು ಬಂತು. ಗಿರಿಜಮ್ಮ ಸೋಲುವವರಲ್ಲ.

“ಹಂಗಾದ್ರೆ ಹೆಜ್ಜೆನೂ ಬರೀರಿ.”

“ಬರೆಯೋಕೆ ಬರಲ್ಲ. ಹಿಟ್ಟು ಬಿಟ್ಟ ಜಾಗ ಹೆಜ್ಜೆ ಆಗಿರೋದು. ಇನ್ನೊಬ್ಬನ ಹೆಜ್ಜೆ ಬೇಕಾದ್ರೆ ಇದ್ದದ್ದನ್ನ ಕೆರೀಬೇಕು.”

“ಕೆರೀರಿ ಮತ್ತೆ. ಅದಕ್ಕೆಂತ?”

ಅಜ್ಜಿ ಕುಂಚವನ್ನು ಬಟ್ಟಲಿನ ಅಂಚಿಗೆ ಒರೆಸಿ, ಬಟ್ಟಲನ್ನು ಕೆಳಗಿಟ್ಟಳು.

“ನಾನು ಬರೆಯೋಳು ಗಿರಿಜಮ್ಮ. ಕೆರೆಯೋಳಲ್ಲ.”

“ಅವ್ವಾ!” ಅಪ್ಪ ಕೂಗಿದ್ದು ಕೊಪ್ಪಕ್ಕೂ ಕೇಳಿರಬೇಕು. ಗಿರಿಜಮ್ಮ ಎದ್ದು, “ಇಷ್ಟಕ್ಕೆಲ್ಲ ಇಷ್ಟು ದೊಡ್ಡ ಮಾತಾ? ಬಿಡಿ, ನಾನೇ ಉಗುರಲ್ಲಿ ನಾಲ್ಕು ಕೆರೀತೀನಿ” ಎಂದು ಗೋಡೆಗೆ ಕೈ ಚಾಚಿದರು. ಆಗ ಅತ್ತೆ ಬಾಗಿಲು ಬಿಟ್ಟು ಬಂದಳು. ತಳ್ಳಲಿಲ್ಲ, ಕೂಗಲಿಲ್ಲ. ಗೋಡೆಗೂ ಅವರ ಕೈಗೂ ನಡುವೆ ನಿಂತಳು.

“ನಿಮ್ಮ ಮಗನಿಗೆ ಜೊತೇಲಿ ಹೋಗ್ಬೇಕು ಅಂತಿದ್ರೆ ನಡೆದು ಬರ್ಲಿ. ಬೇಡ ಅಂದವಳು ಯಾರು? ಬೇರೆಯವರ ಕೈಲಿ ಬರೆಸ್ಕೊಂಡು ಪಕ್ಕಕ್ಕೆ ಬರೋದು ಬೇಡ.”

ಎಲ್ಲರೂ ರವೀಂದ್ರನನ್ನು ನೋಡಿದರು. ಅವನು ತಾಯಿಯನ್ನು ನೋಡಿದ. ಎಲೆಅಡಿಕೆಯ ತಟ್ಟೆ ಬಂದ ದಾರಿಯಲ್ಲೇ ಜೀಪಿಗೆ ವಾಪಸು ಹೋಯಿತು. ಅವನೊಬ್ಬ ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತ ಹಿಂದೆ ಉಳಿದ. ಅವನ ಚಪ್ಪಲಿ ಅವನ ಕಾಲಿನ ಮುಂದೆಯೇ ಇತ್ತು. ಬಾಗಿಲೊಳಗೆ ಗೋಡೆಯನ್ನೇ ನೋಡುತ್ತ ಮೊದಲ ಸಲ ಸ್ವಂತ ದನಿಯಲ್ಲಿ ಕೇಳಿದ.

“ಅವಳಿಗೆ ಚಳಿ ಆಗಲ್ವಾ?”

“ಆಗುತ್ತೆ,” ಎಂದಳು ಅತ್ತೆ. “ಅದಕ್ಕೇ ನಿಲ್ಲದೆ ನಡೀತಿದ್ದಾಳೆ.”

ಅವನು ತಲೆಯಾಡಿಸಿದ. ಇನ್ನೇನೋ ಕೇಳುವವನಿದ್ದ. ಕೆಳಗಿನಿಂದ ‘ರವೀ’ ಎಂಬ ಕರೆ ಬಂತು, ಹೋದ. ಅಷ್ಟೂ ಜನರಲ್ಲಿ ಆ ಹೆಂಗಸಿನ ಬಗ್ಗೆ ಕೇಳಬೇಕಾದ್ದನ್ನು ಕೇಳಿದವನು ಅವನೊಬ್ಬ. ಆದರೆ ಕೇಳಿದ್ದು ಚಪ್ಪಲಿ ಮೆಟ್ಟಿದ ಮೇಲೆ.

ಜೀಪಿನ ಸದ್ದು ತಿರುವಿನಲ್ಲಿ ಅಡಗುವಷ್ಟರಲ್ಲಿ ಅಪ್ಪ ಬಚ್ಚಲಿಂದ ಕೊಡಪಾನ ತುಂಬ ನೀರು ತಂದ. ಅಮ್ಮ ಅಡ್ಡ ಬಂದಳು. ಅತ್ತೆಯೇ ಅವಳನ್ನು ಪಕ್ಕಕ್ಕೆ ಕರೆದಳು.

“ಬಿಡಿ ಅತ್ತಿಗೆ. ಹಾಕು ಅಣ್ಣ. ನಾನು ಮತ್ತೆ ಬರೀತೀನಿ. ಮತ್ತೆ ಹಾಕು, ಮತ್ತೆ ಬರೀತೀನಿ. ಬಾವೀಲಿ ನೀರು ಎಷ್ಟಿದೆಯೋ ನಂಗೆ ಗೊತ್ತಿಲ್ಲ, ಡಬ್ಬೀಲಿ ಅಕ್ಕಿ ಅಂತೂ ಇದೆ.”

ಅಪ್ಪ ನೀರು ಎರಚಿದ. ನಾನು ಹಿಮ ಕರಗುವುದನ್ನು ನೋಡಿದ್ದು ಬಾಳಗಡಿಯಲ್ಲಿ, ಉರಿಬಿಸಿಲಿನ ಮಧ್ಯಾಹ್ನ. ಕಟ್ಟಡಗಳ ತಲೆಯಿಂದ ಬಿಳಿ ಇಳಿಯಿತು, ಕಂಬಗಳು ಜಾರಿದವು, ಅರಿಶಿನದ ಕಿಟಕಿ ಹರಿದು ಬೀದಿಗೆ ಬಂತು. ಆ ಹೆಂಗಸು ಕರಿಯ ಗೆರೆಯಾಗಿ ನೆಲಕ್ಕಿಳಿದಳು. ಗೋಡೆಯಲ್ಲಿ ಉಳಿದದ್ದು ಒದ್ದೆ ಮಣ್ಣು. ಖಾಲಿ ಕೊಡಪಾನ ಹಿಡಿದ ಅಪ್ಪ ತೋಟದ ಎಲ್ಲ ಮರಗಳಿಂದಲೂ ಒಟ್ಟಿಗೆ ಕೆಳಗೆ ಬಿದ್ದವನ ಹಾಗೆ ಕಂಡ. ಅಜ್ಜಿ ಒಲೆಯ ಕಡೆ ತಿರುಗಿದಳು. “ಕಡುಬು ಆರುತ್ತೆ, ಬಡಿಸು” ಎಂದು ಅಮ್ಮನಿಗೆ ಹೇಳಿ ಎಲೆ ಹಾಕಿದಳು. ನೆಂಟರಿಗೆಂದು ಮಾಡಿದ ಕೋಳಿಸಾರನ್ನು ನಾವೇ ಕೂತು ಬೆವರು ಸುರಿಸಿ ಉಂಡೆವು. ಅತ್ತೆ ಎರಡು ಸಲ ಹಾಕಿಸಿಕೊಂಡಳು. ಅಪ್ಪ ಮೆಟ್ಟಿಲ ಮೇಲೆ ಕೂತೇ ಇದ್ದ. ಅಜ್ಜಿಯೇ ಹೋಗಿ ಅವನ ತೊಡೆಯ ಮೇಲೆ ತಟ್ಟೆ ಇಟ್ಟು ಬಂದಳು. ಅವನೂ ಉಂಡ, ಗೋಡೆಯ ಕಡೆ ನೋಡದೆ.

ಮರುದಿನ ಬೆಳಿಗ್ಗೆ ನಾನು ಏಳುವಾಗ ಅಜ್ಜಿ ಸೆರಗು ಕಟ್ಟಿ ಗೋಡೆಗೆ ಹೊಸ ಕೆಮ್ಮಣ್ಣು ಬಳಿಯುತ್ತಿದ್ದಳು. ಹಗ್ಗ ಕತ್ತಿ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟ ಅಪ್ಪ ಬಾಗಿಲಲ್ಲಿ ನಿಂತ.

“ಮತ್ತೆಂತಕ್ಕವ್ವ ಅದು?”

“ಬರೆದ ಗೋಡೆಗೆ ನೀರು ಹಾಕಿದೆಯಲ್ಲ ಮಗಾ, ನನ್ನ ಹೊಟ್ಟೇಲಿ ಹುಟ್ಟಿ. ಇನ್ನೂ ಹಾಕು. ನಿನ್ನ ಕೈ ಮೊದ್ಲು ಸೋಲುತ್ತಾ, ನಮ್ಮ ಕೈಯಾ, ನಾನೂ ನೋಡ್ತೀನಿ.”

ಅಪ್ಪ ನಿಂತ. ಕತ್ತಿಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದ. ಮೆಟ್ಟಿಲು ಇಳಿದುಹೋದ. ಅಷ್ಟು ಮೆಲ್ಲಗೆ ಅವನು ಮನೆ ಬಿಟ್ಟದ್ದನ್ನು ನಾನು ಮೊದಲ ಸಲ ಕೇಳಿದೆ, ಅಂದರೆ ಕೇಳಲಿಲ್ಲ.

ಕೊನೆಗೆ ಜಲಜತ್ತೆಯ ಮದುವೆ ಆಯಿತಾ ಎಂದು ಓದುವವರು ಕೇಳುತ್ತಾರೆ, ಗೊತ್ತು. ಆಯಿತು ಅಂದರೆ ‘ಅಬ್ಬ’ ಎನ್ನುತ್ತೀರಿ, ಆಗಲಿಲ್ಲ ಅಂದರೆ ‘ಅಯ್ಯೋ’ ಎನ್ನುತ್ತೀರಿ. ಎರಡಕ್ಕೂ ನಾನು ಜಾಗ ಕೊಡುವುದಿಲ್ಲ. ಬಸ್ ಸ್ಟಾಪಿನ ಅಜ್ಜನ ಪಕ್ಕ ಬೆಂಚಿನಲ್ಲಿ ಇನ್ನೂ ಸೀಟಿದೆ, ಬೇಕಾದವರು ಹೋಗಿ ಕೂರಬಹುದು.

ಮಣ್ಣು ಒಣಗಿ ಗೋಡೆ ಬಿಗಿಯಾದ ದಿನ ಭಾನುವಾರ. ಅಜ್ಜಿ ತಾನೇ ದೀಪ ಹಚ್ಚಿ, ತಾನೇ ಅರೆದ ಹಿಟ್ಟಿನ ಬಟ್ಟಲನ್ನು ಅತ್ತೆಯ ಕೈಗಿಟ್ಟಳು. ಅತ್ತೆ ಮೊದಲಿನ ಅಳತೆಯಲ್ಲೇ ಬೀದಿಗೆ ಗೆರೆ ಎಳೆಯಲು ಹೋದರೆ ಅಜ್ಜಿ ತಡೆದಳು.

“ಗೇಣುದ್ದ ಬರೆದ್ರೆ ಬಂದೋರಿಗೆಲ್ಲ ಪಕ್ಕದಲ್ಲಿ ಜಾಗ ಕಾಣುತ್ತೆ. ದೊಡ್ಡದಾಗಿ ಬರಿ.”

“ಎಷ್ಟು ದೊಡ್ಡ ಅವ್ವ?”

ಅಜ್ಜಿ ಸುತ್ತ ನೋಡಿ, ಬಾಯಿ ಬಿಟ್ಟುಕೊಂಡು ನಿಂತಿದ್ದ ನನ್ನ ರಟ್ಟೆ ಹಿಡಿದೆಳೆದು ಗೋಡೆಯ ಮುಂದೆ ನಿಲ್ಲಿಸಿದಳು. ಮೈ ತಾಗಿಸಬೇಡ, ನೆಟ್ಟಗೆ ನಿಲ್ಲು ಎಂದಳು. ಅತ್ತೆ ನನ್ನ ನೆತ್ತಿಯ ಮಟ್ಟಕ್ಕೆ ಒಂದು ಗುರುತು, ಹಿಮ್ಮಡಿಯ ಮಟ್ಟಕ್ಕೆ ಒಂದು ಗುರುತು ಇಟ್ಟಳು. ಇನ್ನೂ ಕರಿ ಬರೆದಿರಲಿಲ್ಲ, ಕೋಟು ಇರಲಿಲ್ಲ, ಬೀದಿಯೂ ಇರಲಿಲ್ಲ. ಎರಡು ಬಿಳಿ ಚುಕ್ಕೆಗಳು ಮಾತ್ರ. ನಾನು ನಾಲಿಗೆ ಹೊರಗೆ ಹಾಕಿ ಅಲ್ಲೇ ನಿಂತಿದ್ದೆ. ಅತ್ತೆ ಕುಂಚದ ಹಿಡಿಯಿಂದ ನನ್ನ ತಲೆಗೆ ಮೊಟಕಿದಳು.

“ಆಯ್ತು, ಸರಿ ಮಾರಾಯ. ಅವಳಿಗೆ ದಾರಿ ಬಿಡು.”